ಕನ್ನಡ ವಾಙ್ಮಯದಲ್ಲಿ ಹೊನ್ನಿನ ಗಣಿ

ಬೈಲಹೊಂಗಲ, ಬೆಳವಡಿ, ಮುರಗೋಡ ಎಂಬೀ ಮೂರು ಊರುಗಳ ಹಳ್ಳಗಳಲ್ಲಿ ಹೊನ್ನಿನ ಕಣಗಳು ದೊರೆತ ವಾರ್ತೆಯನ್ನು ವ್ಯಾಲೆಂಟೈನ್ ಬಾಲ್ ಎಂಬ ಭೂಗರ್ಭಶಾಸ್ತ್ರಜ್ಞನು ೧೮೮೧ರಲ್ಲಿ ಅಚ್ಚಾದ ತನ್ನ ಭರತಖಂಡದ ಆರ್ಥಿಕ ಭೂಗರ್ಭಶಾಸ್ತ್ರವೆಂಬ ಗ್ರಂಥದಲ್ಲಿ, ಬೆಳಗಾವಿ ಜಿಲ್ಲೆಯ ಹೆಸರಿನ ಕೆಳಗೆ, ಬಹು ಸಂಕ್ಷೇಪವಾಗಿ ನಮೂದಿಸಿರುವನು. ಈ ಊರುಗಳು ಕನ್ನಡ ಓದುಗರಿಗೆ ಅಪರಿಚಿತವಾದವುಗಳಲ್ಲ. ಬೆಳವಡಿಯನ್ನು ನಾವು ಮಲ್ಲಮ್ಮನಿಂದ ಬಲ್ಲೆವು. ಮುರಗೋಡವನ್ನು ಚಿದಂಬರ ದೀಕ್ಷಿತರಿಂದ ಬಲ್ಲೆವು. ಬೈಲಹೊಂಗಲವನ್ನಂತೂ ೧೮೨೯ರಲ್ಲಿ ಅಲ್ಲಿ ಸೆರೆಯಲ್ಲಿಯೇ ದೇಹವಿಟ್ಟ ಕಿತ್ತೂರ ಚೆನ್ನಮ್ಮ ರಾಣಿಯ ಸಮಾಧಿಯಿಂದ ಬಲ್ಲೆವು. ಆದರೆ ಇದೇ ಹಳ್ಳಗಳ ಮರಳನ್ನು ತೊಳೆದು ದಿನದ ಕೂಳನ್ನು ಗಳಿಸಿದವನು ಯಾರು, ಅವನನ್ನು ಜನರು ಏನೆಂದು ಕರೆಯುತ್ತಿದ್ದರು ಎಂಬ ಪ್ರಶ್ನೆಯನ್ನು ನಮ್ಮ ಸಾಹಿತ್ಯಚರಿತ್ರಕಾರರು ಕೇಳಿದ್ದು ಕಾಣುವದಿಲ್ಲ. ಊರ ಹೆಸರಿನಲ್ಲಿಯೇ ಹೊನ್ನನ್ನು ಹುಡುಕುವ ಆಸೆಯು ಕೆಲವರಿಗೆ ಹುಟ್ಟಬಹುದು. ಕಿವಿಗೆ ತೋರುವ ಹೋಲಿಕೆಯಿಂದ ವ್ಯುತ್ಪತ್ತಿಯನ್ನು ಕಟ್ಟುವದು ಪಂಡಿತರ ಮಾರ್ಗವಲ್ಲವಾದ್ದರಿಂದ ಅದನ್ನು ಇಲ್ಲಿಯೇ ಬಿಡುವೆವು.

ಪ್ರಸ್ತುತ ಲೇಖನದ ವಿಷಯವು ಈ ಮೂರು ಹಳ್ಳಗಳಷ್ಟೇ ಅಲ್ಲ. ನೆಲದೊಳಗಿನ ದುಡಿಮೆಯನ್ನು ಕನ್ನಡದ ನುಡಿಯೂ ಕನ್ನಡದ ಬರವಣಿಗೆಯೂ ಹೇಗೆ ಕಂಡಿವೆ, ಅಥವಾ ಕಾಣದೆ ಬಿಟ್ಟಿವೆ, ಎಂಬುದನ್ನು ವಿಮರ್ಶಿಸುವದು ಇದರ ಉದ್ದೇಶ. ನಮ್ಮ ನಾಡಿನಲ್ಲಿ ಕಲ್ಲಿದ್ದಲಿಲ್ಲ. ಇಂಗ್ಲೆಂಡ, ಫ್ರಾನ್ಸ ದೇಶಗಳಲ್ಲಿ ಕಲ್ಲಿದ್ದಲಿನ ಹಳ್ಳಿಗಳು ಯಾವ ಸ್ಥಾನವನ್ನು ಪಡೆದಿವೆಯೋ ಆ ಸ್ಥಾನಕ್ಕೆ ಸಲ್ಲತಕ್ಕದ್ದು ನಮ್ಮಲ್ಲಿ ಹೊನ್ನಿನ ಗಣಿಯೊಂದೇ. ಅದರಲ್ಲಿಯೂ ಕೋಲಾರದ ಗಣಿ. ಬೆಳಗಾವಿಯವರಿಗೆ ಕೋಲಾರದ ಗೊಡವೆ ಏತಕ್ಕೆಂದು ಕೇಳುವವರಿಗೆ ಒಂದು ಮಾತು. ಕೋಲಾರದ ಹೊನ್ನು ಹುದುಗಿರುವ ಶಿಲಾವರ್ಗಕ್ಕೆ ‘ಧಾರವಾಡ’ ಎಂಬ ಹೆಸರನ್ನು ಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್. ಆತನು ೧೮೭೬ರಲ್ಲಿ ಪ್ರಕಟಿಸಿದ ದೊಡ್ಡ ನಿಬಂಧವು ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯಲ್ಪಡುತ್ತಿದ್ದ ನಮ್ಮ ಸೀಮೆಯನ್ನೇ ಕುರಿತದ್ದು. ಸವದತ್ತಿ, ರಾಮದುರ್ಗಗಳ ಗುಡ್ಡಗಳ ಬೆಣಚುಗಲ್ಲನ್ನು ಕಲಾದಗಿ ವರ್ಗವೆಂದು ಹೆಸರಿಟ್ಟು ಬೇರ್ಪಡಿಸಿದವನೂ ಆತನೇ. ಇಂದಿನ ಶಾಸ್ತ್ರಜ್ಞರು ಈ ವರ್ಗೀಕರಣವನ್ನು ಬಹಳ ತಿದ್ದಿದ್ದಾರಾದರೂ ಧಾರವಾಡದ ಹೆಸರು ಕೋಲಾರದ ಕಲ್ಲಿನಿಂದ ಇನ್ನೂ ಅಳಿದಿಲ್ಲ.

ಮೊದಲು ಶಬ್ದಗಳನ್ನು ನೋಡೋಣ. ಹೊನ್ನು, ಹಳಗನ್ನಡದ ಪೊನ್, ಅಚ್ಚ ದ್ರಾವಿಡ ಶಬ್ದವು. ಒಮ್ಮೆ ಲೋಹಮಾತ್ರಕ್ಕೆ ಸಲ್ಲುತ್ತಿತ್ತೆಂಬುದಕ್ಕೆ ಕಬ್ಬುನವೇ ಸಾಕ್ಷಿ: ಕರಿಯ ಪೊನ್ನೇ ಕಬ್ಬುನ. ಹೊನ್ನನ್ನು ಶೋಧಿಸುವ ಕಾರ್ಯಕ್ಕೆ ಸಂಬಂಧಪಟ್ಟ ನುಡಿಗಟ್ಟು ನಮ್ಮಲ್ಲಿ ಹೇರಳವಾಗಿರುವದು. ಒರೆ, ಒರೆಗಲ್ಲು, ಪುಟವಿಡುವದು, ಅಪರಂಜಿ, ಅಕ್ಕಸಾಲೆ ಇವುಗಳಿಲ್ಲದೆ ನಮ್ಮ ಕವಿಗಳಿಗೆ ನಡೆಯುವದಿಲ್ಲ. ಮನುಷ್ಯನ ಗುಣವನ್ನು ಅಳೆಯುವಾಗಲೂ ನಾವು ಒರೆಗೆ ಹಚ್ಚುತ್ತೇವೆ. ಆದರೆ ಹೊನ್ನನ್ನು ನೆಲದಿಂದ ತೆಗೆಯುವ ಕಾರ್ಯಕ್ಕೆ ಬಂದೊಡನೆ ಭಾಷೆಯು ಬಡವಾಗುವದು. ಆಕರ, ಖನಿ ಎಂಬವು ಸಂಸ್ಕೃತ; ಗಣಿ ಎಂಬುದು ಖನಿಯ ತದ್ಭವ. ನಮ್ಮ ಕಾವ್ಯದಲ್ಲಿ ‘ಗುಣಗಳ ಗಣಿ’ ಎಂಬಂಥ ರೂಪಕವುಂಟು, ಗಣಿಯೊಳಗಿನ ಕತ್ತಲೆಯಿಲ್ಲ. ಎಂದರೆ ನಮ್ಮ ಸಾಹಿತ್ಯದ ಹೊನ್ನು ಅಕ್ಕಸಾಲಿಗನ ಕುಲುಮೆಯಿಂದ ಆರಂಭವಾಗುವದೇ ಹೊರತು ಭೂಮಿಯಿಂದಲ್ಲ.

ಇದಕ್ಕೆ ಅಪವಾದವಾಗಿ ಒಂದು ಶಬ್ದವು ಉಳಿದುಬಂದಿರುವದು, ಅದು ‘ಜಾಲಗಾರ’. ಫೂಟನು ೧೮೭೪ರಲ್ಲಿ ಡಂಬಳದ ಗುಡ್ಡಗಳ, ಎಂದರೆ ಕಪ್ಪತಗುಡ್ಡದ, ಹೊನ್ನಿನ ಶಿಲೆಗಳನ್ನು ಕುರಿತು ಬರೆದಾಗ ಸೊರಟೂರಿನ ಸುತ್ತಿನ ಹಳ್ಳಗಳಲ್ಲಿ ಹೊನ್ನನ್ನು ತೊಳೆಯುವ ಜಾಲಗಾರರನ್ನು ಕಂಡು ಅವರ ಕೆಲಸದ ರೀತಿಯನ್ನು ವಿವರಿಸಿರುವನು. ಈ ಶಬ್ದಕ್ಕೆ ಬಲೆಯವನು, ಮೀನುಗಾರ ಎಂಬ ಅರ್ಥವೂ ಇರುವದರಿಂದ ಎರಡನ್ನೂ ಒಂದೇ ಶಬ್ದವೆಂದು ಬಗೆಯುವ ಸಂಭವವುಂಟು. ನಮ್ಮ ಮತದಲ್ಲಿ ಇವು ಬೇರೆ. ಮೀನುಗಾರನು ಸಂಸ್ಕೃತದ ಜಾಲದಿಂದ ಬಂದವನು. ಹೊನ್ನು ತೊಳೆಯುವವನು ‘ಜಾಲಿಸು’ ಎಂಬ ಕ್ರಿಯಾಪದದಿಂದ ಬಂದವನು. ಅಕ್ಕಿಯೊಳಗಿನ ಹರಳನ್ನು ನೀರಿನಲ್ಲಿ ತಿರುವಿ ತಿರುವಿ ಬೇರ್ಪಡಿಸುವದಕ್ಕೆ ಹೆಂಗಸರು ಜಾಲಿಸುವದೆನ್ನುತ್ತಾರೆ. ಹಳ್ಳದ ಮರಳನ್ನು ಮರದ ಮರಿಗೆಯಲ್ಲಿಟ್ಟು ಅದನ್ನೇ ಮಾಡಿದರೆ ಹಗುರಾದ ಮರಳು ಹೊರಕ್ಕೆ ಹೋಗಿ ಭಾರವಾದ ಕರಿಯ ಕಬ್ಬಿಣಮಣ್ಣೂ ಹೊನ್ನೂ ತಳದಲ್ಲಿ ನಿಲ್ಲುವವು. ಅಡಿಗೆಮನೆಯ ಕೈಚಳಕವೇ ಇಲ್ಲಿ ಕಸುಬಾಗಿರುವದು. ಇಂಥ ಶಬ್ದವೊಂದು ದೊರೆತಲ್ಲಿ ಒಂದು ಸಮಾಜವೇ ದೊರೆತಂತೆ. ೧೮೯೪ರಲ್ಲಿ ಕಿಟ್ಟೆಲ್ಲರ ಕೋಶವು ಹೊರಬಿದ್ದ ಮೇಲೆ ನಾವು ಗ್ರಂಥಸ್ಥ ಶಬ್ದಗಳ ಹಿಂದೆ ಹೋದಷ್ಟು ಕಸುಬಿನ ಶಬ್ದಗಳ ಹಿಂದೆ ಹೋಗಲಿಲ್ಲ.

ಶಾಸನಗಳು ಈ ವಿಷಯದಲ್ಲಿ ನಮಗೆ ಹೆಚ್ಚು ನೆರವಾಗುವದಿಲ್ಲ. ಸುಗಂಧವರ್ತಿಯ, ಎಂದರೆ ಸವದತ್ತಿಯ, ರಟ್ಟರ ಶಾಸನಗಳನ್ನು ಫ್ಲೀಟರು ಪ್ರಕಟಿಸಿದ ದಿನದಿಂದ ನಮ್ಮ ವಿದ್ವಾಂಸರು ವಂಶಾವಳಿಗಾಗಿ ಅವನ್ನು ಓದಿದ್ದಾರೆ. ನಾಲ್ಕನೆಯ ಕಾರ್ತವೀರ್ಯನ ಕಾಲದ, ೧೨೦೪ರ ಬೆಳಗಾವಿಯ ಶಾಸನದಲ್ಲಿ ಲಾಳ, ಮಲೆಯಾಳದ ವರ್ತಕರೂ ಸೇರಿ ನಾನಾ ವೃತ್ತಿಯವರು ಬಸದಿಗೆ ಕೊಟ್ಟ ಆಯದ ವಿವರವಿದೆ. ಗಾಣ, ಮಗ್ಗ, ಎಲೆಯ ಹೇರು ಇವೆಲ್ಲ ನಮ್ಮ ಶಾಸನಗಳ ತೆರಿಗೆಯಲ್ಲಿ ಬರುವವು. ಹೊನ್ನು ಬರುವದು ಗದ್ಯಾಣ, ಪಣ, ಹಾಗ, ವೀಸಗಳ ರೂಪದಲ್ಲಿ ಮಾತ್ರ. ಲೊಕ್ಕಿಗುಂಡಿಯ ಟಂಕಸಾಲೆಯಿಂದ ಲೊಕ್ಕಿಗದ್ಯಾಣಕ್ಕೆ ಹೆಸರು ಬಂತು. ಆ ಲಕ್ಕುಂಡಿಯಿಂದ ಕಪ್ಪತಗುಡ್ಡವು ಕಣ್ಣಿಗೆ ಕಾಣುವಷ್ಟು ಹತ್ತಿರ. ಎರಡನ್ನೂ ಕೂಡಿಸಿ ಕಥೆ ಕಟ್ಟಲು ಯಾರಿಗೂ ಮನಸ್ಸಾಗುವದು. ಆದರೆ ಶಾಸನವು ಟಂಕವಾದ ಹೊನ್ನನ್ನು ಬಲ್ಲದು, ಹಳ್ಳದ ಹೊನ್ನನ್ನು ಅರಿಯದು.

ಮಣ್ಣಿನೊಳಗಿಂದ ಶಾಸನವು ಸಿಕ್ಕಿದ ಉದಾಹರಣೆ ಮಾತ್ರ ಒಂದುಂಟು; ಸ್ವಲ್ಪ ದಾರಿ ತಪ್ಪಿದರೂ ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪದು. ಅಶೋಕನ ಹೆಸರನ್ನೇ ಸ್ಪಷ್ಟವಾಗಿ ಹೇಳಿ, ದೇವಾನಾಂಪ್ರಿಯನು ಯಾರೆಂಬ ಸಂಶಯವನ್ನು ಪರಿಹರಿಸಿದ ಮಸ್ಕಿಯ ಶಾಸನವನ್ನು ೧೯೧೫ರಲ್ಲಿ ಕಂಡುಹಿಡಿದವನು ಬೀಡನ್ ಎಂಬ ಗಣಿಯ ಇಂಜಿನಿಯರನು. ಅವನು ಬಂದದ್ದು ಹೊನ್ನಿಗಾಗಿ. ಮಸ್ಕಿ, ಹಟ್ಟಿಗಳ ಸುತ್ತಿನಲ್ಲಿ ಪ್ರಾಚೀನರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಒಡೆಯುತ್ತ ನೂರಾರು ಅಡಿಗಳ ಆಳಕ್ಕೆ ಇಳಿದಿದ್ದರು. ಹಟ್ಟಿಯ ಹಳೆಯ ಸುರಂಗದಲ್ಲಿ ದೊರೆತ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವೆಂದು ಪರೀಕ್ಷೆಯಿಂದ ತಿಳಿದಿದೆ. ಇಳಿದವರ ಹೆಸರನ್ನು ಯಾವ ಬಂಡೆಯೂ ಹೇಳುವದಿಲ್ಲ.

ಹನ್ನೆರಡನೆಯ ಶತಮಾನದ ಶರಣರನ್ನು ನೋಡಿದರೆ ನಮ್ಮ ಆಕ್ಷೇಪಣೆಯು ಇನ್ನಷ್ಟು ತೀಕ್ಷ್ಣವಾಗುವದು. ಜೇಡರ ದಾಸಿಮಯ್ಯ, ಮೇದರ ಕೇತಯ್ಯ, ಗಾಣದ ಕಣ್ಣಪ್ಪ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ: ಹೆಸರಿನಲ್ಲಿಯೇ ಕಸುಬನ್ನು ಹೊತ್ತು ನಿಂತ ಇಷ್ಟು ಜನ ಲೇಖಕರು ಆ ಕಾಲದಲ್ಲಿ ಬೇರೆ ಯಾವ ಸಾಹಿತ್ಯದಲ್ಲಿ ಇದ್ದರು? ಕಲ್ಯಾಣದಿಂದ ಉಳವಿಗೆ ಹೊರಟ ಶರಣರು ಕಾದರವಳ್ಳಿ, ಹುಬ್ಬಳ್ಳಿಗಳ ದಾರಿಯಿಂದ, ಎಂದರೆ ಇದೇ ಕಿತ್ತೂರ ನೆಲವನ್ನು ತುಳಿದೇ, ಹೋದರೆಂಬುದು ಪ್ರತೀತಿ. ದುಡಿಮೆಯ ಮಾತನ್ನು ಅನುಭಾವದ ಮಾತಾಗಿ ಮಾಡುವ ಶಕ್ತಿಯು ಕನ್ನಡಕ್ಕೆ ಇಲ್ಲವೆನ್ನಲು ಯಾರಿಗೂ ಬಾಯಿ ಬಾರದು. ಆ ಶಕ್ತಿಯು ಇಪ್ಪತ್ತನೆಯ ಶತಮಾನದ ಗಣಿಯ ಬಾಯಿಗೆ ಬಂದು ಏಕೆ ನಿಂತಿತು?

ಗಣಿಯ ಚರಿತ್ರೆಯನ್ನು ಸ್ಥೂಲವಾಗಿಯಾದರೂ ಹೇಳದೆ ಈ ಪ್ರಶ್ನೆಗೆ ಉತ್ತರ ಕೊಡಲು ಬಾರದು. ೧೮೦೨ರಲ್ಲಿ ಜಾನ್ ವಾರನ್ ಎಂಬ ಲೆಫ್ಟಿನೆಂಟನು ಮೈಸೂರ ಸೀಮೆಯ ಪೂರ್ವದ ಗಡಿಯನ್ನು ಅಳೆಯುವಾಗ ಊರಿಗಾಂ, ಮಾರಿಕುಪ್ಪಗಳ ಕಡೆಯ ಹಳ್ಳಿಗರು ಮಣ್ಣನ್ನು ತೊಳೆದು ಹೊನ್ನು ತೆಗೆಯುವದನ್ನು ಕಂಡು ಬರೆದಿಟ್ಟನು. ಆ ಬರಹದ ಬೆನ್ನು ಹತ್ತಿದ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ೧೮೭೩ರಲ್ಲಿ ಅರ್ಜಿ ಹಾಕಿ ೧೮೭೫ರಲ್ಲಿ ಅಪ್ಪಣೆಯನ್ನು ಪಡೆದನು. ೧೮೮೦ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿಯು ನಿಂತಿತು. ಕೆಲವು ವರ್ಷ ಹಣವು ಮಣ್ಣುಪಾಲಾದ ಮೇಲೆ ಚಾಂಪಿಯನ್ ಎಂಬ ಹೊನ್ನಿನ ಎಳೆ ಕೈಗೆ ಸಿಕ್ಕಿತು. ಜಾನ್ ಟೇಲರ್ ಮನೆತನದವರ ಆಡಳಿತದಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಬೆಳೆದವು. ೧೯೦೨ರ ಜೂನ್ ೩೦ರಂದು ಶಿವನಸಮುದ್ರದಿಂದ ೯೨ ಮೈಲು ತಂತಿಯ ಮೇಲೆ ವಿದ್ಯುಚ್ಛಕ್ತಿಯು ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷಗಳ ತರುವಾಯ, ೧೯೦೫ರಲ್ಲಿ. ೧೯೫೬ರಲ್ಲಿ ಮೈಸೂರ ಸರಕಾರವೂ ೧೯೬೨ರಲ್ಲಿ ಕೇಂದ್ರ ಸರಕಾರವೂ ಗಣಿಯನ್ನು ವಹಿಸಿಕೊಂಡವು. ೧೯೭೨ರಲ್ಲಿ ಭಾರತ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ೨೦೦೧ರ ಫೆಬ್ರುವರಿ ೨೮ರಂದು ಗಣಿಯು ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಹೊನ್ನು ಸುಮಾರು ೮೦೦ ಟನ್ನು; ಇಳಿದ ಆಳ ಮೂರು ಕಿಲೋಮೀಟರಿಗೂ ಮಿಕ್ಕದ್ದು. ಅಷ್ಟು ಆಳದಲ್ಲಿ ಬಂಡೆಯು ಮುಟ್ಟಿದರೆ ಸುಡುವಷ್ಟು ಕಾದಿರುವದು. ಭಾರದಿಂದ ಬಂಡೆಯು ತಾನೇ ಸಿಡಿದು ಜನರನ್ನು ಕೊಲ್ಲುವದು ಅಲ್ಲಿ ಅಪರೂಪವಲ್ಲ. ಕಲ್ಲಿನ ಧೂಳಿಯಿಂದ ಪುಪ್ಪುಸಕ್ಕೆ ತಗಲುವ ರೋಗವನ್ನು ಕುರಿತು ೧೯೪೦ ಮತ್ತು ೧೯೪೬ರ ನಡುವೆ ನಡೆದ ವೈದ್ಯಪರೀಕ್ಷೆಯಲ್ಲಿ ಏಳು ಸಾವಿರಕ್ಕೆ ಮಿಕ್ಕಿದ ಕೆಲಸಗಾರರೊಳಗೆ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಜನರಿಗೆ ಅದು ಕಂಡುಬಂತು. ಈ ಅಂಕಿಯನ್ನು ಓದಿದ ಮೇಲೆ ‘ಹೊನ್ನು’ ಎಂಬ ಶಬ್ದವು ಮೊದಲಿನಂತೆ ಉಚ್ಚಾರವಾಗಲಾರದು.

ಇದೆಲ್ಲ ನಡೆಯುವಾಗ ಕನ್ನಡದ ವಿದ್ವಾಂಸರು ಎಲ್ಲಿದ್ದರು? ದೂರದಲ್ಲಿರಲಿಲ್ಲ. ಗಣಿಯ ಉತ್ಪತ್ತಿಯು ಶಿಖರವನ್ನು ಮುಟ್ಟಿದ ೧೯೦೫ರಲ್ಲಿಯೇ ರೈಸರ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ, ಕೋಲಾರ ಜಿಲ್ಲೆಯ ಶಾಸನಗಳು, ಹೊರಬಂತು. ಮಾಸ್ತಿಯವರು ಅದೇ ಜಿಲ್ಲೆಯವರು. ಮುಳಬಾಗಿಲಿನ ಡಿ.ವಿ.ಗುಂಡಪ್ಪನವರು ಎಳೆಹರೆಯದಲ್ಲಿ ಗಣಿಯ ಊರಿನ ಸೋಡಾ ಕಾರಖಾನೆಯೊಂದರಲ್ಲಿ ಕೆಲಕಾಲ ದುಡಿದವರು. ಎಲ್ಲಕ್ಕಿಂತ ವಿಚಿತ್ರವಾದದ್ದು ಕೈಲಾಸಂ ಅವರ ಸಂಗತಿ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನೇ ಅಭ್ಯಾಸಮಾಡಿ ಬಂದು ಮೈಸೂರ ಭೂಗರ್ಭ ಇಲಾಖೆಯಲ್ಲಿ ಕೆಲಸ ಮಾಡಿದ ಒಬ್ಬ ಪ್ರತಿಭಾವಂತನು ಕನ್ನಡಕ್ಕೆ ನಾಟಕಕಾರನಾಗಿ ದೊರೆತನು. ಅವನ ಪ್ರಖ್ಯಾತ ಪ್ರಹಸನಗಳ ರಂಗಭೂಮಿ ಮಾತ್ರ ನಗರದ ಮಧ್ಯಮವರ್ಗದವರ ನಡುಮನೆ. ಕವಿಯು ತನ್ನ ವಸ್ತುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಳ್ಳವನಾದ್ದರಿಂದ ಇದನ್ನು ದೋಷವೆಂದು ನಾವು ಹೇಳುವದಿಲ್ಲ. ಆದರೆ ಒಬ್ಬಿಬ್ಬರಲ್ಲ, ಒಂದು ತಲೆಮಾರಿಗೆ ತಲೆಮಾರೇ ಹಾಗೆ ಆರಿಸಿಕೊಂಡಾಗ ಕಾರಣವನ್ನು ವ್ಯಕ್ತಿಯ ಅಭಿರುಚಿಯಲ್ಲಲ್ಲ, ಬೇರೆಡೆಯಲ್ಲಿ ಹುಡುಕಬೇಕಾಗುವದು.

ಕಾರಣವು ಗಣಿಯ ಜನರಲ್ಲಿದೆ. ನೆಲದೊಳಗೆ ಇಳಿದವರು ಬಹುಮಟ್ಟಿಗೆ ಉತ್ತರ ಆರ್ಕಾಟು ಮೊದಲಾದ ಜಿಲ್ಲೆಗಳಿಂದ ಬಂದ ತಮಿಳರು. ಅವರಲ್ಲಿ ಹೆಚ್ಚಿನವರು ಅಸ್ಪೃಶ್ಯರೆಂದು ಊರ ಹೊರಗಿಡಲ್ಪಟ್ಟವರು. ತೆಲುಗರೂ ಇದ್ದರು. ಆಡಳಿತದ ಭಾಷೆ ಇಂಗ್ಲಿಶ್. ಪೇಟೆಗಳಿಗೆ ರಾಬರ್ಟ್‌ಸನ್, ಆಂಡರ್‌ಸನ್ ಎಂಬ ಹೆಸರುಗಳು. ಮೈಸೂರ ಸಂಸ್ಥಾನದ ಬೊಕ್ಕಸಕ್ಕೆ ರಾಜಧನವು ಬರುತ್ತಿತ್ತು. ಸಂಸ್ಥಾನದ ಸಾಹಿತ್ಯಕ್ಕೆ ಆ ಜನರ ಮಾತು ಬರಲಿಲ್ಲ. ಗಣಿಯ ಊರಿಗೆ ಸಾಹಿತ್ಯವಿರಲಿಲ್ಲವೆಂದು ಇದರಿಂದ ತಿಳಿಯಕೂಡದು. ತಮಿಳು ಬೌದ್ಧ ಚಳವಳಿಯ ಮುಖಂಡರಾದ ಅಯೋತಿದಾಸ ಪಂಡಿತರ (೧೮೪೫–೧೯೧೪) ಗ್ರಂಥಗಳನ್ನು ಪ್ರಕಟಿಸಿದ ಸಿದ್ಧಾರ್ಥ ಪುಸ್ತಕಶಾಲೆಯು ಇದ್ದದ್ದು ಚಾಂಪಿಯನ್ ರೀಫಿನಲ್ಲಿ. ಬುದ್ಧನ ಚರಿತ್ರೆಯನ್ನೂ ಜಾತಿಯ ವಿಮರ್ಶೆಯನ್ನೂ ಓದಿ ಚರ್ಚಿಸುವ ಕೆಲಸಗಾರರು ಕೋಲಾರ ಜಿಲ್ಲೆಯಲ್ಲಿ ಆಗಲೇ ಇದ್ದರು. ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಅವರಿಗೆ ಸ್ಥಾನವಿಲ್ಲದ್ದಕ್ಕೆ ಅವರು ಬೇರೆ ಭಾಷೆಯಲ್ಲಿ ಓದಿದರೆಂಬುದೊಂದೇ ಕಾರಣವಾದರೆ, ಅದು ಸಾಲದ ಕಾರಣ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಮನೆಮಾತು ನಮ್ಮ ಸಾಹಿತ್ಯಕ್ಕೆ ಎಂದೂ ಅಡ್ಡಿಯಾದದ್ದಿಲ್ಲ. ಅಡ್ಡಿಯಾದದ್ದು ಕುಲವೂ ಕಸುಬೂ.

ಎಮೀಲ್ ಜೋಲಾ ಎಂಬ ಫ್ರೆಂಚ ಕಾದಂಬರಿಕಾರನು ೧೮೮೪ರಲ್ಲಿ ಆಂಜಾನ್ ಎಂಬಲ್ಲಿ ಕಲ್ಲಿದ್ದಲಿನ ಕೆಲಸಗಾರರು ಮುಷ್ಕರ ಹೂಡಿದಾಗ ಅಲ್ಲಿಗೆ ಹೋಗಿ, ಗಣಿಯೊಳಗಿಳಿದು, ಟಿಪ್ಪಣಿ ಬರೆದುಕೊಂಡು ಬಂದು ಮರುವರ್ಷ ‘ಜೆರ್ಮಿನಾಲ್’ ಕಾದಂಬರಿಯನ್ನು ಪುಸ್ತಕರೂಪದಲ್ಲಿ ಹೊರಡಿಸಿದನು. ಡಿ.ಎಚ್.ಲಾರೆನ್ಸನು ಗಣಿಯ ಕೆಲಸಗಾರನ ಮಗನೇ. ಅವನ ಹುಟ್ಟೂರಾದ ಈಸ್ಟ್‌ವುಡ್ಡಿನಲ್ಲಿ ಗಣಿಗಳು ಮುಚ್ಚಿದ ಮೇಲೆಯೂ ಜನರು ಅವನ ಮನೆಯನ್ನು ನೋಡಲು ಹೋಗುತ್ತಾರೆ. ಒಬ್ಬನು ಹೊರಗಿನಿಂದ ಒಳಕ್ಕೆ ಹೋದನು, ಇನ್ನೊಬ್ಬನು ಒಳಗಿನಿಂದ ಹೊರಕ್ಕೆ ಬಂದನು. ಕನ್ನಡದಲ್ಲಿ ಈ ಎರಡು ದಾರಿಗಳಲ್ಲಿ ಎರಡನೆಯದು ಮುಚ್ಚಿತ್ತೆಂದೇ ಇಟ್ಟುಕೊಂಡರೂ ಮೊದಲನೆಯದು ತೆರೆದೇ ಇತ್ತು. ನಮ್ಮ ಜಿಲ್ಲೆಯಲ್ಲಿಯೇ ೧೮೮೭ರಿಂದ ನಡೆದ ಗೋಕಾಕ ಜಲಪಾತದ ಗಿರಣಿಯಿದ್ದ ತಾಲೂಕಿನಿಂದ ಬಂದ ಬಸವರಾಜ ಕಟ್ಟೀಮನಿಯವರು ದುಡಿಯುವವರ ಬದುಕನ್ನು ಕಾದಂಬರಿಗೆ ತಂದರು. ಆ ಧೈರ್ಯವು ದಕ್ಷಿಣದ ಗಣಿಯವರೆಗೆ ಮುಟ್ಟಲಿಲ್ಲ.

ಬರಹಗಾರನು ಬಿಟ್ಟ ಜಾಗವನ್ನು ಚಲಚ್ಚಿತ್ರವು ತುಂಬಿತು. ೨೦೧೮ ಮತ್ತು ೨೦೨೨ರಲ್ಲಿ ಎರಡು ಭಾಗಗಳಾಗಿ ಬಂದ ‘ಕೆ.ಜಿ.ಎಫ್.’ ಎಂಬ ಕನ್ನಡ ಚಿತ್ರವು ಈ ಊರ ಹೆಸರನ್ನು ದೇಶದೇಶಗಳಿಗೆ ಮುಟ್ಟಿಸಿತು. ಚಿತ್ರದ ರಚನಾಕೌಶಲವನ್ನು ಇಲ್ಲಿ ಚರ್ಚಿಸುವದಿಲ್ಲ. ಅದು ರಂಜನೆಗಾಗಿ ಮಾಡಿದ್ದು, ರಂಜಿಸಿತು. ಆದರೆ ಅದು ಗಣಿಯ ಜನರಿಗೆ ಮಾಡಿದ ಚಿತ್ರಣವು ವಿಮರ್ಶೆಗೆ ಒಳಗಾಗಬೇಕಾದದ್ದು. ಅಲ್ಲಿ ನರಾಚಿ ಎಂಬ ಕಲ್ಪಿತ ಗಣಿ, ಸಾವಿರಾರು ಗುಲಾಮರು, ಅವರಿಗೆ ಹೆಸರಿಲ್ಲ, ಮಾತಿಲ್ಲ, ಹೊರಗಿನಿಂದ ವೀರನೊಬ್ಬನು ಬರುವವರೆಗೆ ಎದ್ದು ನಿಲ್ಲುವ ಬುದ್ಧಿಯೂ ಇಲ್ಲ. ಚರಿತ್ರೆಯು ಇದಕ್ಕೆ ವಿರುದ್ಧವಾದದ್ದನ್ನು ಹೇಳುವದು. ೧೯೩೦ರಲ್ಲಿ ಕೆಲಸಗಾರರ ಬೆರಳಚ್ಚನ್ನು ತೆಗೆದುಕೊಂಡು ದಾಖಲು ಮಾಡುವ ಪದ್ಧತಿಯನ್ನು ಕಂಪನಿಯು ತಂದಾಗ, ಅಪರಾಧಿಗಳಂತೆ ಹೆಬ್ಬೆಟ್ಟೊತ್ತಲು ಒಪ್ಪದೆ ಗಣಿಗಳ ಜನರು ಒಟ್ಟಾಗಿ ಕೆಲಸವನ್ನು ನಿಲ್ಲಿಸಿದರು. ಬಲವಾದ ಕಾರ್ಮಿಕಸಂಘಗಳು ಬೆಳೆದದ್ದು ಆ ಮೇಲೆ. ಆ ಮುಷ್ಕರಕ್ಕೆ ಹೊರಗಿನ ವೀರನಾರೂ ಇರಲಿಲ್ಲ. ಚಿತ್ರದ ಕಥೆ ನಡೆಯುವ ಎಪ್ಪತ್ತು ಎಂಬತ್ತರ ದಶಕಗಳಲ್ಲಂತೂ ಗಣಿಯು ಸರಕಾರದ ಸಂಸ್ಥೆ; ಅಲ್ಲಿ ಸಂಘಗಳಿದ್ದವು, ಮತದಾರರಿದ್ದರು. ಈ ಮುಷ್ಕರಗಳ ಸುವಿಸ್ತಾರವಾದ ಚರಿತ್ರೆಯನ್ನು ಜಾನಕಿ ನಾಯರರು ೧೯೯೮ರಲ್ಲಿ ಮೈಸೂರ ಸಂಸ್ಥಾನದ ಗಣಿ ಮತ್ತು ಗಿರಣಿಯ ಕೆಲಸಗಾರರ ಮೇಲಿನ ಗ್ರಂಥದಲ್ಲಿ ಬರೆದಿದ್ದಾರೆ; ಗ್ರಂಥವು ಇಂಗ್ಲಿಶಿನಲ್ಲಿದೆ. ೨೦೨೪ರಲ್ಲಿ ಬಂದ ‘ತಂಗಲಾನ್’ ಎಂಬ ತಮಿಳು ಚಿತ್ರವೂ ಇತಿಹಾಸಕ್ಕಿಂತ ಪುರಾಣಕ್ಕೆ ಹತ್ತಿರವಾದದ್ದೇ. ಆದರೂ ಅದರಲ್ಲಿ ಹೊನ್ನನ್ನು ಹುಡುಕುವವನಿಗೆ ಹೆಂಡತಿ ಮಕ್ಕಳಿದ್ದಾರೆ, ಕಳೆದುಕೊಂಡ ಹೊಲವಿದೆ, ಕುಲದ ನೋವಿದೆ, ತನ್ನದೇ ಮಾತಿದೆ. ಎರಡನ್ನೂ ಪಕ್ಕಪಕ್ಕಕ್ಕಿಟ್ಟು ವಿದ್ಯಾರ್ಥಿಗಳಿಗೆ ತೋರಿಸಿದರೆ ಸಾಹಿತ್ಯದ ಅಧ್ಯಾಪಕನಿಗೆ ‘ಪಾತ್ರ’ವೆಂದರೇನೆಂಬುದನ್ನು ವಿವರಿಸಲು ಬೇರೆ ಉದಾಹರಣೆ ಬೇಕಾಗದು.

ಕನ್ನಡ ಜನಪದವು ಈ ತಪ್ಪನ್ನು ಮಾಡುತ್ತಿರಲ್ಲಿಲ್ಲವೆಂದು ನಮಗೆ ತೋರುವದು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಹಾಡುವವರು ಕಿತ್ತೂರ ದೊರೆಗಳನ್ನು ಮಾತ್ರ ಹಾಡಲಿಲ್ಲ. ರಾಯಣ್ಣನ ಜೊತೆಗೆ ಕಾಡಿಗೆ ಹೋದವರನ್ನೂ ಅವನಿಗೆ ಕೈಕೊಟ್ಟವರನ್ನೂ ಮರೆಯಲಿಲ್ಲ. ಲಾವಣಿಕಾರನಿಗೆ ಸಾಮಾನ್ಯನ ಹೆಸರು ಬೇಕು. ಹೆಸರಿಲ್ಲದ ಗುಂಪನ್ನು ಅವನು ಹಾಡಲಾರನು.

ಈಗ ಗಣಿಯ ಊರಿನಲ್ಲಿ ನಿಂತಿರುವದೇನು? ಸುರಂಗಗಳಲ್ಲಿ ನೀರು ತುಂಬಿದೆ. ೧೯೬೫ರಲ್ಲಿ ವಿಜ್ಞಾನಿಗಳು ಆಕಾಶದಿಂದ ಬರುವ ನ್ಯೂಟ್ರಿನೋ ಎಂಬ ಸೂಕ್ಷ್ಮಕಣಗಳ ಸುಳಿವನ್ನು ಹಿಡಿದ ಆಳದ ಕೋಣೆಯೂ ಇಂದು ಮನುಷ್ಯರಿಗೆ ದೂರ. ಮೇಲೆ ಅಧಿಕಾರಿಗಳ ಬಂಗಲೆಗಳೂ ಕೆಲಸಗಾರರ ಸಾಲುಮನೆಗಳೂ ಇವೆ. ಬಂಗಲೆಗಳ ಚಿತ್ರಗಳು ಪ್ರವಾಸಿಗಳ ಬರಹಗಳಲ್ಲಿ ಕಾಣುವವು. ಸಾಲುಮನೆಗಳದು ಕಾಣುವದು ವಿರಳ. ಪರಂಪರೆಯೆಂಬ ಶಬ್ದವನ್ನು ಬಂಗಲೆಗೆ ಮಾತ್ರ ಹಚ್ಚಿ ಸಾಲುಮನೆಗೆ ಹಚ್ಚದವರು ಶಾಸನದ ವಂಶಾವಳಿಯನ್ನು ಓದಿ ತೆರಿಗೆಯ ಭಾಗವನ್ನು ಬಿಟ್ಟವರಂತೆಯೇ. ಎಲ್ಲಕ್ಕೂ ಎತ್ತರವಾಗಿ ನಿಂತದ್ದು ಸೈನೈಡಿನಿಂದ ಹೊನ್ನನ್ನು ಹೀರಿ ಬಿಸುಟ ಮಣ್ಣಿನ ದಿಬ್ಬಗಳು. ಗಾಳಿ ಬಿಟ್ಟರೆ ಅವುಗಳ ಧೂಳು ಮನೆಗಳ ಮೇಲೆ ಬೀಳುವದು. ಚಲಚ್ಚಿತ್ರದ ಹಿನ್ನೆಲೆಯೂ ಅವೇ. ಅಂಥ ಹದಿಮೂರು ದಿಬ್ಬಗಳ ಮಣ್ಣಿನಲ್ಲಿ ಉಳಿದ ಹೊನ್ನನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ೨೦೨೪ರಲ್ಲಿ ರಾಜ್ಯದ ಸಚಿವಸಂಪುಟವು ಒಪ್ಪಿಗೆಯಿತ್ತಿತು. ದಿಬ್ಬಗಳನ್ನು ಹಾಗೆಯೇ ಕಾಯ್ದಿಡಬೇಕೆಂದು ವಾದಿಸುವವರ ಪಕ್ಷದಲ್ಲಿ ನಾವಿಲ್ಲ. ಅವುಗಳ ಕೆಳಗೆ ಉಸಿರಾಡುವವರ ಅಭಿಪ್ರಾಯವೇ ಅಲ್ಲಿ ಮೊದಲನೆಯದು. ವಿದ್ವಾಂಸರಿಗೆ ಸೇರಿದ ಕೆಲಸ ಬೇರೆಯಿದೆ.

೨೦೦೧ರಲ್ಲಿ ಇಪ್ಪತ್ತೈದು ವರ್ಷದವನಾಗಿ ಕೊನೆಯ ಸಲ ಗಣಿಯಿಂದ ಮೇಲೆ ಬಂದವನು ಈಗ ಐವತ್ತರ ಹತ್ತಿರದವನು. ಅವನ ತಂದೆ ಬದುಕಿದ್ದರೆ ಎಂಬತ್ತರ ಹತ್ತಿರ. ಸಲಕರಣೆಗೆ, ಬಂಡೆಯ ಸದ್ದಿಗೆ, ಬಿಸಿಗೆ, ಭಯಕ್ಕೆ, ಕೆಮ್ಮಿಗೆ ಅವರು ಯಾವ ಶಬ್ದಗಳನ್ನು ಬಳಸುತ್ತಿದ್ದರೆಂಬುದನ್ನು ತಮಿಳು, ತೆಲುಗು, ಕನ್ನಡ, ಇಂಗ್ಲಿಶ್ ಎಂಬ ಭೇದವಿಲ್ಲದೆ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲು ಒಂದು ಬೇಸಗೆಯ ರಜೆ ಸಾಕು. ಹಟ್ಟಿಯಲ್ಲಿ ಗಣಿಯು ಇಂದಿಗೂ ನಡೆದಿರುವದರಿಂದ ಅಲ್ಲಿಯ ಕನ್ನಡ ಶಬ್ದಗಳನ್ನು ಎದುರಿಗಿಟ್ಟು ಹೋಲಿಸಬಹುದು. ಸೊರಟೂರು, ಡೋಣಿಗಳ ಸುತ್ತ ಜಾಲಗಾರರೆಂಬ ಹೆಸರು ಮನೆತನದ ಅಡ್ಡಹೆಸರಾಗಿಯಾದರೂ ಉಳಿದಿದೆಯೋ ಎಂದು ವಿಚಾರಿಸುವದು ಗದಗಿನ ಅಧ್ಯಾಪಕರಿಗೆ ಸುಲಭ. ಬೈಲಹೊಂಗಲ, ಮುರಗೋಡ, ಬೆಳವಡಿಗಳ ಹಳ್ಳಗಳ ದಂಡೆಯ ಹೊಲಗಳ ಹೆಸರುಗಳನ್ನು ಹಳೆಯ ಪಹಣಿಗಳಿಂದ ಎತ್ತಿ ಬರೆಯುವದು ಅಲ್ಲಿಯ ಮಹಾವಿದ್ಯಾಲಯಗಳ ಕನ್ನಡ ವಿಭಾಗದವರಿಗೆ ಸೇರಿದ್ದು.